ರೇಡಿಯೋ ಅಕ್ಕನ ಶುಕ್ರವಾರದ ಟ್ಯಾಗು

ಶುಕ್ರವಾರ ಬೆಳಗ್ಗೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಹಾಲ್‌ನ ಗಂಟೆ ಬಾರಿಸಲು ಇನ್ನೂ ಕಾಲು ಗಂಟೆ ಇರುವಾಗಲೇ ನೀರಿನ ಫಿಲ್ಟರಿನ ಪಕ್ಕದ ಮೊಳೆಯ ಮುಂದೆ ಹೆಂಗಸರು ಗುಂಪುಗೂಡುತ್ತಿದ್ದರು. ಮೊಳೆಯಲ್ಲಿ ಒಂದು ಟ್ಯಾಗು ನೇತಾಡುತ್ತಿತ್ತು. ಹೊಸ ಅಂಗಿಯ ಕತ್ತಿಗೆ ಕಟ್ಟುವ, ತೂತಿರುವ ದಪ್ಪ ಕಾಗದದ ಟ್ಯಾಗು. ಅಳತೆ ತಪ್ಪಾಗಿ ಅಚ್ಚಾಗಿದ್ದರಿಂದ ಕಸದ ಬುಟ್ಟಿಗೆ ಹೋಗಬೇಕಾಗಿದ್ದದ್ದು. ಅದರ ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು.

“ಈ ವಾರ ಹೊಸದು. ಎಂಬತ್ತೊಂದು ವರ್ಷದ ಅಜ್ಜ, ಇದೇ ಮೊದಲ ಸಲ ಹಾಡು ರೆಕಾರ್ಡ್ ಮಾಡಿ ಬಿಟ್ಟಿದ್ದಾನೆ. ಇಷ್ಟು ದಿನ ದೋಣಿ ಕಟ್ಟೋ ಬಡಗಿಯಂತೆ. ಗಂಟಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತೆ. ಎರಡು ನಿಮಿಷ ತಡ್ಕೊಳ್ಳಿ. ಮೂರನೇ ನಿಮಿಷಕ್ಕೆ ಮಗಳು ಸೇರ್ಕೋತಾಳೆ. ಆಮೇಲೆ ಬಸ್ಸು ತಪ್ಪಿದರೆ ನನ್ನನ್ನ ಬೈಬೇಡಿ.”

ಬರೆದವಳು ಚೆಕಿಂಗ್ ಟೇಬಲ್ಲಿನ ಹೆಂಗಸು. ವಯಸ್ಸು ನಲವತ್ತಾರು. ಇಪ್ಪತ್ತೊಂದು ವರ್ಷಗಳಿಂದ ಅವಳದು ನಿಂತೇ ಮಾಡುವ ಕೆಲಸ: ಅಂಗಿ ಎತ್ತು, ಬೆಳಕಿಗೆ ಹಿಡಿ, ಹೊಲಿಗೆಯ ಮೇಲೆ ಬೆರಳು ಓಡಿಸು, ದಾರ ಕತ್ತರಿಸು, ಸರಿ ಇದ್ದರೆ ಬಲಕ್ಕೆ, ಇಲ್ಲದಿದ್ದರೆ ಬಿಚ್ಚಿ ಹೊಲಿಯಲು ಕಳಿಸುವ ಆಲ್ಟರ್ ಬುಟ್ಟಿಗೆ. ಹಾಲಿನ ನೂರಾ ಹತ್ತು ಮಂದಿಗೂ ಅವಳು ರೇಡಿಯೋ ಅಕ್ಕ. ಸಂಬಳದ ಚೀಟಿಯಲ್ಲಿರುವ ಹೆಸರು ಹಾಲಿನಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಅವಳ ಅಪ್ಪ ಗುಜರಿ ವ್ಯಾಪಾರಿ. ಒಮ್ಮೆ ಒಂದು ರೇಡಿಯೋ ಹೊತ್ತು ತಂದಿದ್ದ. ಅದರ ಮುಳ್ಳು ಎರಡು ಸ್ಟೇಷನ್ನುಗಳ ನಡುವೆ ಸಿಕ್ಕಿಕೊಂಡು ಅತ್ತಲೂ ಹೋಗದೆ ಇತ್ತಲೂ ಬರದೆ ಕೂತಿತ್ತು. ಒಂದು ಕಡೆ ಯಾವುದೋ ಭಾಷೆಯ ಹಾಡು, ಇನ್ನೊಂದು ಕಡೆ ಪಿಟೀಲು, ನಡುನಡುವೆ ಹವಾಮಾನ ವರದಿ. ಮನೆಯವರೆಲ್ಲ ತಲೆ ಚಚ್ಚಿಕೊಂಡರು. ಅವಳು ಮಾತ್ರ ಹಾಡು ಎಂದರೆ ಹೀಗೇ ಇರುತ್ತದೆ ಎಂದುಕೊಂಡು ಬೆಳೆದಳು. ಹಾಗಾಗಿ ಅವಳಿಗೆ ಇಂಥದ್ದೇ ಬೇಕೆಂಬ ಹಟವಿಲ್ಲ. ಉಪ್ಪಿನ ಗದ್ದೆಯ ಹೆಂಗಸರು, ಲಿಫ್ಟಿನ ಸದ್ದನ್ನು ಹಿಡಿದು ಹಾಡು ಕಟ್ಟಿದ ಹುಡುಗಿ, ಬಂದರಿನ ಪೀಪಾಯಿ ಬಾರಿಸುವ ತಂಡ, ಎರಡೇ ತಂತಿಯ ವಾದ್ಯದಲ್ಲಿ ಗಾಳಿಯನ್ನು ಕರೆಯುವ ಯಾರೋ ಒಬ್ಬ, ಎಲ್ಲರೂ ಅವಳ ನೆಂಟರೇ. ವಾರವಿಡೀ ಬಸ್ಸಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹೊಸದಾಗಿ ಬಂದದ್ದನ್ನೆಲ್ಲ ಕೇಳುತ್ತಾಳೆ. ಇನ್ನೊಂದು ಕಿವಿ ಕಂಡಕ್ಟರನಿಗೆ ಮೀಸಲು.

ಶಾಲಾ ವ್ಯಾನು ಓಡಿಸುವ ಗಂಡನಿಗೆ ಇದೆಲ್ಲ ಒಗಟು. ಅವನಿಗೆ ಗೊತ್ತಿರುವ ಒಂದೇ ರಾಗ ಹಾರ್ನಿನದು.

“ಇದು ಹಾಡೋ, ಯಾರಾದ್ರೂ ಪಾತ್ರೆ ತೊಳೀತಾ ಇದ್ದಾರೋ?” ಎಂದು ಕೇಳಿದ ಒಂದು ಭಾನುವಾರ.

“ಎರಡೂ. ಅಡುಗೆಮನೆಯಲ್ಲೇ ರೆಕಾರ್ಡ್ ಮಾಡಿದ್ದಂತೆ.”

“ಹಾಗಾದ್ರೆ ನಮ್ಮನೇಲಿ ದಿನಾ ಕಛೇರಿ ನಡೀತಾ ಇದೆ ಅನ್ನು. ನಾನೊಬ್ಬ ಬಿಟ್ಟಿ ಕೇಳ್ತಾ ಇದ್ದೀನಿ.”

“ಬಿಟ್ಟಿ ಯಾಕೆ, ಎದ್ದು ಎರಡು ತಟ್ಟೆ ನೀವೂ ಬಾರಿಸಿ.”

ದುಡಿಯುವವರಿಗೆ ಯಾವ ಹಾಡಾದರೇನು, ಗದ್ದಲ ಇದ್ದರೆ ಸಾಕು ಎಂದು ನಂಬಿರುವ ಧರ್ಮಾತ್ಮರು ನಮ್ಮ ನಡುವೆ ಬಹಳ ಜನ ಇದ್ದಾರೆ. ರುಚಿ ಎನ್ನುವುದು ಕೂತು ತಿನ್ನುವವರ ಸೊತ್ತು ಎಂಬುದು ಅವರ ಎಣಿಕೆ. ಅವರು ಒಂದು ಶುಕ್ರವಾರ ಆ ಮೊಳೆಯ ಮುಂದೆ ನಿಲ್ಲಬೇಕಿತ್ತು. ಜೇಬು ಹೊಲಿಯುವವಳು “ಹೋದ ವಾರದ್ದು ಹಾಡಲ್ಲ ಅಕ್ಕ, ಹಲ್ಲುನೋವು” ಎಂದು ಜಗಳ ತೆಗೆಯುವುದನ್ನೂ, ತೋಳು ಜೋಡಿಸುವವಳು ಅದೇ ಹಾಡಿಗೆ ಮೂರು ಸಲ ಅತ್ತುಬಿಟ್ಟೆ ಎಂದು ಪಿಸುಗುಟ್ಟುವುದನ್ನೂ ಕೇಳಬೇಕಿತ್ತು. ಈ ಜಗಳವೆಂದರೆ ರೇಡಿಯೋ ಅಕ್ಕನಿಗೆ ಪ್ರಾಣ. ತನಗೆ ಸಿಕ್ಕಿದ್ದು ಇನ್ನೊಬ್ಬರ ಕಿವಿಗೆ ಬಿದ್ದು, ಅವರು ಬೈದರೂ ಸರಿಯೇ, ವಾಪಸು ಬರಬೇಕು. ಅಲ್ಲಿಯವರೆಗೆ ಆ ಹಾಡು ಅವಳ ಪಾಲಿಗೆ ಅರ್ಧ ಕೇಳಿದಂತೆ.

ಹಾಲಿನ ಮೂಲೆಗಳಲ್ಲಿ ನಾಲ್ಕು ಸ್ಪೀಕರುಗಳಿದ್ದವು. ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ನಡೆಯಿರಿ ಎಂದು ಹೇಳುವುದಕ್ಕೆ ಹಾಕಿದ್ದು. ಎರಡು ವರ್ಷದ ಹಿಂದೆ ಹಾಲಿನ ಇನ್‌ಚಾರ್ಜ್, ಒಳ್ಳೆಯ ಮೂಡಿನಲ್ಲಿದ್ದ ಒಂದು ದಿನ, ಊಟದ ನಂತರದ ಅರ್ಧ ಗಂಟೆ ಅದರಲ್ಲಿ ಹಾಡು ಹಾಕಲು ಅವಳಿಗೆ ಒಪ್ಪಿಗೆ ಕೊಟ್ಟ. ತೂಕಡಿಕೆ ಹೋಗಲಿ ಎಂಬುದಷ್ಟೇ ಅವನ ಲೆಕ್ಕ.

ಒಂದು ಮಧ್ಯಾಹ್ನ ಅವಳು ಉಪ್ಪಿನ ಗದ್ದೆಯ ಹೆಂಗಸರ ಹಾಡು ಹಾಕಿದಳು. ಆರು ಹೆಜ್ಜೆ ನೆಟ್ಟಗೆ ನಡೆದು ಏಳನೆಯದರಲ್ಲಿ ಉಸಿರು ತೆಗೆದುಕೊಳ್ಳುವ ಹಾಡು ಅದು. ಅರ್ಧ ಗಂಟೆಯ ಬಳಿಕ ಅವಳ ಟೇಬಲ್ಲಿಗೆ ಬಂದ ಕಾಲರುಗಳನ್ನು ನೋಡಿದರೆ ಒಂದೊಂದರಲ್ಲೂ ಹೊಲಿಗೆ ನಾಲ್ಕು ಬೆರಳು ಸರಿಯಾಗಿ ಓಡಿ, ಕೂದಲೆಳೆಯಷ್ಟು ಸೊಟ್ಟಗಾಗಿ, ಮತ್ತೆ ಓಡಿ, ಮತ್ತೆ ಸೊಟ್ಟಗಾಗಿತ್ತು. ಪೆಡಲಿನ ಮೇಲಿದ್ದ ಪಾದಗಳೆಲ್ಲ ಏಳನೇ ಎಣಿಕೆಗೆ ಹಾಡಿನ ಜೊತೆ ಎದ್ದಿದ್ದವು. ಸೂಜಿ ನಿಂತಲ್ಲೆಲ್ಲ ಬಟ್ಟೆ ಸರಿದಿತ್ತು.

ಅವಳಿಗೆ ನಗು ತಡೆಯಲಾಗಲಿಲ್ಲ. ಹಾಲಿನಲ್ಲೇ ಹಿರಿಯಳಾದ, ಮೂವತ್ತು ವರ್ಷದಿಂದ ಕಾಲರನ್ನೇ ಹೊಲಿದು ಕಾಲರ್ ಅಕ್ಕ ಎಂದೇ ಹೆಸರಾದವಳ ಬಳಿ ಓಡಿದಳು.

“ಇಲ್ನೋಡಕ್ಕ, ಹಾಡನ್ನೇ ಹೊಲಿದಿದ್ದೀಯ.”

ಕಾಲರ್ ಅಕ್ಕ ಕನ್ನಡಕ ಏರಿಸಿ ನೋಡಿದಳು. “ಅಯ್ಯೋ ನಿನ್ನ. ನಾನೊಬ್ಬಳೇ ಏನು?”

“ಸಾಲಿಗೆ ಸಾಲೇ.”

“ಹಾಗಾದ್ರೆ ಸರಿ. ಒಬ್ಬಳೇ ಕುಂಟಿದರೆ ಮಾನ ಹೋಗುತ್ತೆ. ಎಲ್ಲರೂ ಕುಂಟಿದರೆ ಅದೇ ನಡಿಗೆ.”

ಅಂದಿನಿಂದ ಅದಕ್ಕೆ ಕುಂಟು ಹಾಡು ಎಂದೇ ಹೆಸರಾಯಿತು. ಇನ್ನೂರು ಕಾಲರು ಬಿಚ್ಚಿ ಹೊಲಿಯಬೇಕಾಯಿತು, ನಿಜ. ಬಿಚ್ಚುತ್ತ ಎಲ್ಲರೂ ಏಳನೆಯದಕ್ಕೆ ಗೊಳ್ಳೆಂದು ನಗುತ್ತಿದ್ದರು.

ಇನ್‌ಚಾರ್ಜ್ ನಗಲಿಲ್ಲ, ಬೈಯಲೂ ಇಲ್ಲ. ಸೊಟ್ಟ ಕಾಲರೊಂದನ್ನು ಕೈಯಲ್ಲಿ ಹಿಡಿದು ಸೊಟ್ಟಗಾದ ಕಡೆಗಳನ್ನು ಒಂದೊಂದಾಗಿ ಎಣಿಸಿದ. ಮೂರನೆಯ ದಿನ ಅವಳನ್ನು ತನ್ನ ಗಾಜಿನ ಕೋಣೆಗೆ ಕರೆದ.

“ನಿಮಗೆ ಹಾಡಿನ ಜ್ಞಾನ ಚೆನ್ನಾಗಿದೆ ಕಣ್ರೀ. ಅರ್ಧ ಗಂಟೆ ಯಾಕೆ, ದಿನಪೂರ್ತಿ ಹಾಕೋಣ. ಪಟ್ಟಿ ನೀವೇ ಮಾಡಿ. ಸ್ವಲ್ಪ ಚುರುಕಾಗಿರೋದು ಇರಲಿ, ಅಷ್ಟೇ. ಅಜ್ಜ ಗಿಜ್ಜ ಬೇಡ.” ಆಮೇಲೆ, ಏನೋ ನೆನಪಾದವನಂತೆ, “ನಿಂತು ನಿಂತು ನಿಮ್ಮ ಕಾಲು ಊದಿದೆಯಂತಲ್ಲ? ಒಂದು ಕುರ್ಚಿ ಹಾಕಿಸ್ತೀನಿ.”

ಚೆಕಿಂಗ್ ಟೇಬಲ್ಲಿಗೆ ಕುರ್ಚಿ! ಇಪ್ಪತ್ತೊಂದು ವರ್ಷ ಕೇಳಿ ಕೇಳಿ ಬಿಟ್ಟದ್ದು. ಮರುದಿನವೇ ಬೆನ್ನಿಗೆ ಮೆತ್ತೆ ಇರುವ ಎತ್ತರದ ಕುರ್ಚಿ ಬಂತು. ಮೂಗಿಗೆ ತುಪ್ಪ ಸವರುವುದರಲ್ಲಿ ಇನ್‌ಚಾರ್ಜನದು ಪಳಗಿದ ಕೈ. ಆದರೆ ಸತ್ಯ ಹೇಳಬೇಕು: ಅವಳನ್ನು ಬೀಳಿಸಿದ್ದು ಕುರ್ಚಿಯಲ್ಲ, ದಿನಪೂರ್ತಿ ಎಂಬ ಮಾತು. ತಾನು ಆರಿಸಿದ ಹಾಡು ದಿನಕ್ಕೆ ಎಂಟು ಗಂಟೆ ನೂರಾ ಹತ್ತು ಜೊತೆ ಕಿವಿಗೆ ಬೀಳುತ್ತದೆ! ಇಯರ್‌ಫೋನಿನ ಎಳೆ ಹಿಡಿದು ಬದುಕಿದವಳಿಗೆ ಇದು ಹೊಳೆಯೇ ಮನೆಗೆ ಬಂದಂತೆ.

ಅವಳು ಜೀವ ತೇದು ಪಟ್ಟಿ ಮಾಡಿದಳು. ಚುರುಕಾದದ್ದರಲ್ಲೂ ಕಳಪೆ ಬೇಡ. ಬಂದರಿನ ಪೀಪಾಯಿ ತಂಡ, ರೈಲು ಹಳಿಯ ಪಕ್ಕದ ಶಾಲೆಯ ಮಕ್ಕಳ ಬ್ಯಾಂಡು, ಮೂರು ಜನ ಅಕ್ಕತಂಗಿಯರು ಒಬ್ಬರ ಉಸಿರಿನ ಮೇಲೆ ಒಬ್ಬರು ಹತ್ತಿ ಹಾಡುವ ಒಂದು ಓಟದ ಹಾಡು. ಮೊದಲ ವಾರ ಹಾಲ್ ಮದುವೆಮನೆಯಂತಿತ್ತು. ಅವಳು ಕುರ್ಚಿಯಲ್ಲಿ ಕೂತು ಅಂಗಿ ನೋಡುತ್ತ, ತುಟಿಯಲ್ಲೇ ಹಾಡುತ್ತ, ರಾಣಿಯಂತೆ ಇದ್ದಳು.

ಎರಡನೆಯ ವಾರ ಗೋಡೆಯ ಬೋರ್ಡಿನಲ್ಲಿ ಗಂಟೆಗೆ ಅರುವತ್ತು ಎಂದಿದ್ದ ಕಾಲರಿನ ಟಾರ್ಗೆಟ್ ಅರುವತ್ತಾರಾಯಿತು. ನಾಲ್ಕನೆಯ ವಾರ ಎಪ್ಪತ್ತೆರಡು. ಪಾದಗಳು ಹಾಡಿನ ಹಿಂದೆ ಓಡುತ್ತಿದ್ದವು, ಸೂಜಿ ಪಾದದ ಹಿಂದೆ, ಬಟ್ಟೆ ಸೂಜಿಯ ಹಿಂದೆ. ಅವಳ ಬೆರಳಿಗೆ ಅದು ತಿಳಿಯದೆ ಇರಲಿಲ್ಲ. ಬೆಳಗ್ಗೆ ಬಂದ ಕಾಲರಿನ ತುದಿ ಬಾಣದಂತೆ ಚೂಪಾಗಿರುತ್ತಿತ್ತು. ನಾಲ್ಕು ಗಂಟೆಯ ಮೇಲೆ ಬಂದದ್ದು ಬಿಗಿಯಾಗಿ, ಸುಕ್ಕಾಗಿ, ಹಲ್ಲು ಕಚ್ಚಿ ಹೊಲಿದಂತೆ. ಬೆರಳು ಹೇಳುತ್ತಿತ್ತು. ಕಿವಿ ಮಾತ್ರ ಹಾಡಿನಲ್ಲಿತ್ತು. ಕುರುಡು ಎಂದರೆ ಕಣ್ಣಿಗೇ ಬರಬೇಕೆಂದಿಲ್ಲ.

ಶುಕ್ರವಾರದ ಟ್ಯಾಗಿನ ಮುಂದೆ ಗುಂಪು ಸೇರುವುದು ನಿಂತುಹೋಗಿತ್ತು. ಟೀ ಹೊತ್ತಿನಲ್ಲಿ ಯಾರೂ ಹಾಡಿನ ಮಾತೆತ್ತುತ್ತಿರಲಿಲ್ಲ. ಎಲ್ಲರಿಗೂ ಎಲ್ಲವೂ ಕೇಳಿಸುತ್ತಿರುವಾಗ ಓದುವುದೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಒಂದು ಮಂಗಳವಾರ ಕಾಲರ್ ಅಕ್ಕನ ಕಟ್ಟಿನಲ್ಲಿ ಐದು ಆಲ್ಟರ್ ಬಂದವು. ಕುಂಟು ಹಾಡಿನ ದಿನ ಬಿಟ್ಟರೆ ಮೂವತ್ತು ವರ್ಷದಲ್ಲಿ ಇಲ್ಲದ್ದು. ರೇಡಿಯೋ ಅಕ್ಕ ಅವನ್ನೆತ್ತಿಕೊಂಡು ಅವಳ ಮೆಷಿನ್ನಿನ ಬಳಿ ಹೋಗಿ ಹಿಂದಿನಿಂದ ಕರೆದಳು. ಉತ್ತರವಿಲ್ಲ. ಇನ್ನೊಮ್ಮೆ ಕರೆದಳು. ಬಗ್ಗಿ ನೋಡಿದಾಗ ಕಾಣಿಸಿತು: ಜಾಕೆಟ್ಟಿನೊಳಗೆ ತುಂಬುವ ಹತ್ತಿಯನ್ನು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡಿದ್ದಳು. ಪಕ್ಕದ ಜೇಬಿನವಳ ಕಿವಿಯಲ್ಲೂ ಹತ್ತಿ. ಅದರಾಚೆ ತೋಳಿನವಳದ್ದರಲ್ಲೂ. ಆ ಸಾಲಿನುದ್ದಕ್ಕೂ, ತಲೆಗೂದಲ ಕೆಳಗೆ, ಪುಟ್ಟ ಪುಟ್ಟ ಬಿಳಿ ಚುಕ್ಕೆಗಳು. ಸ್ಪೀಕರಿನಲ್ಲಿ ಅಕ್ಕತಂಗಿಯರ ಹಾಡು ಓಡುತ್ತಿತ್ತು.

ಅವಳು ಆಲ್ಟರ್ ಕಟ್ಟನ್ನು ಮೆಷಿನ್ನಿನ ಪಕ್ಕದಲ್ಲಿಟ್ಟು ತನ್ನ ಟೇಬಲ್ಲಿಗೆ ಮರಳಿದಳು.

ಊಟದ ಹೊತ್ತಿಗೆ ಹಿಂದಿನ ಮೆಟ್ಟಿಲಲ್ಲಿ ಕಾಲರ್ ಅಕ್ಕನ ಪಕ್ಕ ಕೂತಳು. ಡಬ್ಬಿ ತೆರೆಯಲಿಲ್ಲ.

“ನನ್ನ ಹಾಡು ಅಷ್ಟು ಕೆಟ್ಟದಾಗಿದೆಯಾ ಅಕ್ಕ?”

“ಕೆಟ್ಟದಾಗಿದ್ದಿದ್ರೆ ಹತ್ತಿ ಯಾಕೆ ಬೇಕಿತ್ತು? ಚೆನ್ನಾಗಿವೆ ಕಣೇ. ಅದೇ ತೊಂದರೆ. ಮನಸ್ಸು ಬೇಡ ಅಂದ್ರೂ ಕಾಲು ಕೇಳಲ್ಲ.” ಕಾಲರ್ ಅಕ್ಕ ಚಪ್ಪಲಿ ಬಿಟ್ಟು ಬಲಗಾಲು ಮುಂದೆ ಚಾಚಿದಳು. ಪಾದದ ಬೆರಳುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. “ಮನೆಗೆ ಹೋದ್ರೂ ಇದು ಹೊಲೀತಾನೇ ಇರುತ್ತೆ. ಮೊನ್ನೆ ಮೊಮ್ಮಗಳನ್ನ ಕಾಲ ಮೇಲೆ ಕೂರಿಸ್ಕೊಂಡಿದ್ದೆ. ‘ಅಜ್ಜಿ, ಮೆಷಿನ್ ನಿಲ್ಸು’ ಅಂತು ಅದು.”

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಗೆ ಹೇಳೋದು? ನಿನ್ನ ಮುಖ ನೋಡಿದ್ರೆ ಹೆತ್ತ ಮಗೂನ ಎತ್ತಿ ತೋರಿಸ್ತಾ ಇರೋಳ ಹಾಗಿರ್ತಿತ್ತು. ಅದರ ಮೂಗು ಸೊಟ್ಟ ಅಂತ ಯಾರು ಹೇಳ್ತಾರೆ? ಜೊತೆಗೆ ಕುರ್ಚಿ ಬೇರೆ ಬಂದಿತ್ತು. ನಿನ್ನ ಕಾಲಾದ್ರೂ ಸುಖವಾಗಿರಲಿ ಅಂದ್ಕೊಂಡ್ವಿ.”

ಬೈದಿದ್ದರೆ ಸಹಿಸಬಹುದಿತ್ತು. ಈ ಕರುಣೆ ಸಹಿಸುವಂಥದ್ದಾಗಿರಲಿಲ್ಲ.

ಅಂದೇ ಅವಳು ಗಾಜಿನ ಕೋಣೆಗೆ ಹೋದಳು. ಕುರ್ಚಿಯನ್ನು ತಾನೇ ತಳ್ಳಿಕೊಂಡು ಹೋದಳು; ಒಂದು ಗಾಲಿ ಕಿರುಗುಟ್ಟುತ್ತಿತ್ತು, ಹಾಲೆಲ್ಲ ನೋಡುತ್ತಿತ್ತು. ಮೇಜಿನ ಮೇಲೆ ಅವಳ ಪಟ್ಟಿ ಬಿದ್ದಿತ್ತು. ಪ್ರತಿ ಹಾಡಿನ ಕೆಳಗೆ ಅವಳು ಬರೆದಿದ್ದ ಎರಡೆರಡು ಸಾಲನ್ನು ಕೆಂಪು ಗೆರೆ ಎಳೆದು ಹೊಡೆದುಹಾಕಲಾಗಿತ್ತು. ಪಕ್ಕದಲ್ಲಿ ಎರಡು ಸಂಖ್ಯೆ: ನಿಮಿಷಕ್ಕೆ ಎಷ್ಟು ಬಡಿತ, ಗಂಟೆಗೆ ಎಷ್ಟು ಪೀಸು. ಹಾಡಿದವರು ಯಾರು ಎಂಬುದು ಎಲ್ಲೂ ಉಳಿದಿರಲಿಲ್ಲ.

“ಇನ್ಮೇಲೆ ಪಟ್ಟಿ ಕೊಡಲ್ಲ ಸರ್. ಇದು ತಗೊಳ್ಳಿ.”

“ಯಾಕ್ರೀ? ಹಾಡು ಕೇಳ್ತಾ ಕೆಲಸ ಮಾಡೋದು ಪುಣ್ಯ ಅಲ್ವಾ?”

“ಕೇಳೋದು ಪುಣ್ಯ. ಅದರ ಹಿಂದೆ ಓಡೋದಲ್ಲ.”

ಆತ ನಕ್ಕ. ಕೆಟ್ಟವನಲ್ಲ ಆತ, ಅವನ ಮೇಲೂ ಒಂದು ಬೋರ್ಡಿತ್ತು, ಅದರಲ್ಲೂ ಒಂದು ಸಂಖ್ಯೆ ಏರುತ್ತಿತ್ತು. ಕೆಟ್ಟವರಲ್ಲದವರೇ ಸೇರಿ ಎಷ್ಟು ಕೆಟ್ಟ ಕೆಲಸ ಮಾಡಬಲ್ಲರು ಎಂಬುದಕ್ಕೆ ಲೆಕ್ಕವಿಲ್ಲ. “ಹೊಸ ಪಟ್ಟಿ ಬೇಡ ಬಿಡಿ. ಇರೋದನ್ನೇ ಹಾಕ್ತಾ ಇರ್ತೀನಿ. ನಿಮ್ಮ ಹಾಡೇನು ನಿಮ್ಮದಾ?”

ಅವಳು ಕುರ್ಚಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಹಾಡು ತನ್ನದಲ್ಲ ಎಂದೇ ಅಲ್ಲವೆ ಅವಳು ಇಷ್ಟು ವರ್ಷ ಹಂಚಿದ್ದು?

ಅದೇ ಹದಿನೆಂಟು ಹಾಡು, ಅದೇ ಸರದಿ, ದಿನವೂ. ಅವಳು ಪ್ರೀತಿಸಿದ್ದೆಲ್ಲ ಕಣ್ಣೆದುರೇ ಸವೆದು ಗೋಣಿತಾಟಾಯಿತು. ಬಸ್ಸಿನಲ್ಲಿ ಯಾರದೋ ಫೋನಿನಲ್ಲಿ ಪೀಪಾಯಿ ಕೇಳಿಸಿದರೆ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಕುಂಟು ಹಾಡನ್ನು ಗುಟ್ಟಾಗಿ ಹಾಕಿಬಿಡೋಣವೇ ಎಂದು ಒಮ್ಮೆ ಮನಸ್ಸಾಯಿತು. ಆದರೆ ಕಾಲರು ಸೊಟ್ಟಗಾದರೆ ಬಿಚ್ಚಿ ಹೊಲಿಯುವವರು ಯಾರು? ಅದೇ ಹೆಂಗಸರು. ಆಲ್ಟರ್ ಬುಟ್ಟಿಗೆ ಎಸೆಯಬೇಕಾದ ಕೈ ಯಾರದು? ತನ್ನದೇ. ಬೇಡವೆಂದು ಬಿಟ್ಟಳು. ಹತ್ತಿಯ ಗೂಡೆಯಿಂದ ಒಂದು ಚಿಟಿಕೆ ಕಿತ್ತು, ಎರಡು ಉಂಡೆ ಮಾಡಿ, ತನ್ನ ಕಿವಿಗೂ ಇಟ್ಟುಕೊಂಡಳು. ಆ ವಾರದ ಕೊನೆಗೆ ಹಾಲಿನಲ್ಲಿ ಹತ್ತಿಯಿಲ್ಲದ ಕಿವಿ ಇನ್‌ಚಾರ್ಜನದು ಮಾತ್ರ.

ಹೀಗಿರುವಾಗ ಅಂಗಿ ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಒಬ್ಬರು ಹೆಂಗಸು ಬಂದರು. ಕೈಯಲ್ಲಿ ಫೈಲು, ಕುತ್ತಿಗೆಯಲ್ಲಿ ನೇತಾಡುವ ಸ್ಟಾಪ್‌ವಾಚು. ಬೆಂಕಿಯ ಅಣಕು ಪರೀಕ್ಷೆ ಆಗಬೇಕು ಎಂದರು. ಇನ್‌ಚಾರ್ಜ್ ಹೆಮ್ಮೆಯಿಂದ ಗುಂಡಿ ಒತ್ತಿದ. ಹಾಡು ನಿಂತಿತು. ನಾಲ್ಕೂ ಸ್ಪೀಕರುಗಳಲ್ಲಿ ಹೆಣ್ಣು ದನಿಯೊಂದು, ಬೆಂಕಿ ಬಿದ್ದಿದೆ, ಎಲ್ಲರೂ ಎದ್ದು ಹೊರಗೆ ನಡೆಯಿರಿ ಎಂದು ಮೂರು ಸಲ ಹೇಳಿತು.

ನೂರಾ ಹತ್ತು ಮಂದಿ ಹೊಲಿಯುತ್ತಲೇ ಇದ್ದರು.

ತಪಾಸಣೆಯವರು ಗಡಿಯಾರ ನೋಡಿದರು, ಹಾಲ್ ನೋಡಿದರು. ಇನ್‌ಚಾರ್ಜ್ ಇನ್ನೊಮ್ಮೆ ಒತ್ತಿದ. ಆಮೇಲೆ ಕೈ ಬೀಸುತ್ತ ಸಾಲುಗಳ ನಡುವೆ ಓಡಿದ. ಅವನು ಕೈ ಬೀಸುವುದು ಹೊಸತೇನಲ್ಲವಾದ್ದರಿಂದ ಹೆಂಗಸರು ಇನ್ನೂ ಬೇಗ ಹೊಲಿಯತೊಡಗಿದರು. ಕೊನೆಗೆ ಮೆಷಿನ್ನುಗಳ ಕರೆಂಟು ತೆಗೆದ ಮೇಲೆ ಒಂದೊಂದಾಗಿ ತಲೆಗಳು ಎದ್ದವು. ನಿಜವಾಗಿ ಬೆಂಕಿ ಬಿದ್ದಿದ್ದರೆ ಎಂಬ ಯೋಚನೆ ಎಲ್ಲರಿಗೂ ಒಟ್ಟಿಗೇ ಬಂದಿರಬೇಕು. ಕೆಲವರು ತಿರುಗಿ ಬಾಗಿಲ ಕಡೆ ನೋಡಿದರು.

ತಪಾಸಣೆಯವರು ಹತ್ತಿರದವಳ ಕಿವಿಯತ್ತ ಬೆರಳು ತೋರಿದರು. “ಇದೇನು?”

“ಯಾರ್ರೀ ಇದನ್ನ ಶುರು ಮಾಡಿದ್ದು?” ಎಂದ ಇನ್‌ಚಾರ್ಜ್. ಅವನ ಕಣ್ಣು ಕಾಲರ್ ಅಕ್ಕನ ಮೇಲೆ ನಿಂತಿತು. ಅವಳಿಗೆ ನಿವೃತ್ತಿಗೆ ಇನ್ನು ಒಂದೂವರೆ ವರ್ಷ.

ರೇಡಿಯೋ ಅಕ್ಕ ಟೇಬಲ್ ಬಿಟ್ಟು ಮುಂದೆ ಬಂದಳು. ತನ್ನ ಕಿವಿಯ ಹತ್ತಿ ತೆಗೆದು ಅಂಗೈಯಲ್ಲಿ ಹಿಡಿದಳು.

“ನನ್ನಿಂದ ಮೇಡಂ. ಹಾಡು ಆರಿಸಿದ್ದು ನಾನು. ಒಳ್ಳೇ ಹಾಡುಗಳೇ. ಕೇಳೋದಕ್ಕೆ ಅಂತ ಆರಿಸಿದ್ದು, ಓಡಿಸೋದಕ್ಕಲ್ಲ. ಹಾಡು ಓಡಿದ್ರೆ ಕಾಲು ಓಡುತ್ತೆ. ಕಾಲು ಓಡಿದ್ರೆ ಆ ಬೋರ್ಡಲ್ಲಿ ನಂಬರ್ ಏರುತ್ತೆ. ಏರಿದ್ದು ಇಳಿಯಲ್ಲ. ಅದಕ್ಕೇ ಹತ್ತಿ.”

ತಪಾಸಣೆಯವರು ಬೋರ್ಡು ನೋಡಿದರು, ಫೈಲಿನಲ್ಲಿ ಹಳೆಯ ಸಂಖ್ಯೆ ಹುಡುಕಿದರು, ಏನೋ ಬರೆದುಕೊಂಡರು. ಅವಳ ಕಡೆ ತಿರುಗಿ ಮೆಚ್ಚುಗೆಯ ಮಾತೇನೂ ಹೇಳಲಿಲ್ಲ. ಅಂಥದ್ದೆಲ್ಲ ಕಥೆಗಳಲ್ಲಿ ನಡೆಯುತ್ತದೆ.

ನಡೆದದ್ದು ಇಷ್ಟು. ಸ್ಪೀಕರಿನಲ್ಲಿ ಬೆಂಕಿಯ ಮಾತು ಬಿಟ್ಟು ಬೇರೇನೂ ಕೇಳಿಸಬಾರದು ಎಂದು ಪತ್ರ ಬಂತು. ಟಾರ್ಗೆಟ್ ಎಪ್ಪತ್ತೆರಡರಿಂದ ಅರುವತ್ತಾರಕ್ಕೆ ಇಳಿಯಿತು, ಅರುವತ್ತಕ್ಕೆ ಇಳಿಯಲಿಲ್ಲ. ಆ ಆರು ಕಾಲರು ಯಾರ ಪಾದದಿಂದ ಬಂದವು ಎಂದು ಯಾರೂ ಕೇಳಲಿಲ್ಲ, ಕೇಳಬೇಕಾದವರಿಗೆ ಅದು ಕಾಣುವುದೂ ಇಲ್ಲ. ಅವಳ ಕೆಲಸ ಉಳಿಯಿತು. ಕುರ್ಚಿ ಗಾಜಿನ ಕೋಣೆಯಲ್ಲಿ ಫೈಲು ಹೊತ್ತು ಕೂತಿತು. ಇಪ್ಪತ್ತೊಂದು ವರ್ಷ ನಿಂತವಳು ಮತ್ತೆ ನಿಂತಳು.

ಟ್ಯಾಗು ಬರೆಯುವುದನ್ನೂ ಬಿಟ್ಟಳು. ಬಸ್ಸಿನಲ್ಲಿ ಎರಡೂ ಕಿವಿ ಕಂಡಕ್ಟರನಿಗೆ. “ಮನೇಲಿ ಪಾತ್ರೆ ಸದ್ದು ಬಿಟ್ಟು ಬೇರೇನೂ ಇಲ್ವಲ್ಲ,” ಎಂದ ಗಂಡ ಒಂದು ದಿನ, ತಮಾಷೆ ಮಾಡದೆ. ತಾನು ಯಾರಿಗಾದರೂ ಒಂದು ಹಾಡು ಕೊಡುವ ಹಕ್ಕನ್ನು ಕಳೆದುಕೊಂಡಿದ್ದೇನೆ ಎಂದು ಅವಳ ಒಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಆರನೆಯ ಶುಕ್ರವಾರ ನೀರು ಕುಡಿಯಲು ಹೋದಾಗ ಮೊಳೆಯಲ್ಲಿ ಒಂದು ಟ್ಯಾಗು ನೇತಾಡುತ್ತಿತ್ತು. ಅವಳು ಹಾಕಿದ್ದಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಮೂರು ದಶಕ ಸೂಜಿ ಹಿಡಿದ ಕೈಯ ದಪ್ಪಕ್ಷರ:

“ಈ ವಾರ ಏನೂ ಇಲ್ವಾ?”

ಊಟದ ಹೊತ್ತಿಗೆ ಹಿಂದಿನ ಮೆಟ್ಟಿಲಲ್ಲಿ ಏಳೆಂಟು ಜನ ಕೂತಿದ್ದರು. ಅವಳು ಫೋನು ತೆಗೆದು ಬಹಳ ಹೊತ್ತು ಹುಡುಕಿದಳು. ಕೊನೆಗೆ ದೋಣಿ ಬಡಗಿ ಅಜ್ಜನನ್ನು ಆರಿಸಿದಳು. ಇನ್‌ಚಾರ್ಜ್ ಬೇಡವೆಂದಿದ್ದರಿಂದ ಸವೆಯದೆ ಉಳಿದಿದ್ದವರಲ್ಲಿ ಅವನೂ ಒಬ್ಬ.

“ನಿಧಾನದ್ದು. ಎರಡು ನಿಮಿಷ ತಡ್ಕೋಬೇಕು,” ಎಂದಳು ಅಳುಕುತ್ತ.

“ಹಾಕೇ. ಎಪ್ಪತ್ತೆರಡು ತಡ್ಕೊಂಡಿದ್ದೀವಿ,” ಎಂದಳು ಜೇಬಿನವಳು.

“ಒಂದು ನಿಮಿಷ ಇರು,” ಎಂದು ಕಾಲರ್ ಅಕ್ಕ ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಮಡಚಿ, ಪಾದಗಳನ್ನು ಸೀರೆಯೊಳಗೆ ಸೇರಿಸಿ ಚಕ್ಕಳಮಕ್ಕಳ ಹಾಕಿ ಕೂತಳು. ಅವಳನ್ನು ನೋಡಿ ಉಳಿದವರೂ ಹಾಗೇ ಕೂತರು. “ಈಗ ಹಾಕು. ಇವತ್ತು ಕಾಲಿಗೆ ರಜ.”

ಅಜ್ಜನ ಗಂಟಲು ಕಿರುಗುಟ್ಟಿತು. ಒಬ್ಬಳು ಆಕಳಿಸಿದಳು, ಇನ್ನೊಬ್ಬಳು ಅವಳ ತೊಡೆಗೆ ತಟ್ಟಿದಳು. ರೇಡಿಯೋ ಅಕ್ಕ ಹಾಡು ಕೇಳುತ್ತಿರಲಿಲ್ಲ, ಕಾಲರ್ ಅಕ್ಕನ ಸೀರೆಯ ಅಂಚನ್ನೇ ನೋಡುತ್ತಿದ್ದಳು. ಮೂರನೆಯ ನಿಮಿಷಕ್ಕೆ ಮಗಳು ಸೇರಿಕೊಂಡಳು. ಸೀರೆಯ ಅಂಚು ಅಲುಗಲಿಲ್ಲ.

“ಇದು ಹಲ್ಲುನೋವಲ್ಲ,” ಎಂದಳು ಜೇಬಿನವಳು ಮೆಲ್ಲಗೆ.

“ಸುಮ್ನಿರೇ,” ಎಂದಳು ಕಾಲರ್ ಅಕ್ಕ, ಕಣ್ಣು ತೆರೆಯದೆ.